ಹಿತ್ತಿಲ ತನಕ

"ಸಾರ್, ಈ 'ಹ' ಅಂದ್ರೆ ಯಾರು?"

ಮೇಜಿನ ಮೇಲೆ ಬಿಚ್ಚಿಟ್ಟ ಹಳೆಯ ರಿಜಿಸ್ಟರಿನ ಒಂದು ಸಾಲಿನ ಮೇಲೆ ಹುಡುಗಿ ಬೆರಳಿಟ್ಟಿದ್ದಳು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಕನ್ನಡಕವೇನೂ ಕೊಳೆಯಾಗಿರಲಿಲ್ಲ. ಒರೆಸಲು ಹಿಡಿಯುವಷ್ಟು ಹೊತ್ತು ಅವರಿಗೆ ಬೇಕಾಗಿತ್ತು, ಅಷ್ಟೆ.

ಅರಿವಳಿಕೆ ವಿಭಾಗದಲ್ಲಿ ಅವರನ್ನು ನಿದ್ದೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಆಪರೇಷನ್ನಿಗೆ ಬಂದವರನ್ನು ಮಲಗಿಸುವುದರಲ್ಲಿ ಎತ್ತಿದ ಕೈ. ಪಾಠ ಮಾಡುವಾಗ ಮಾತ್ರ ಯಾರನ್ನೂ ಮಲಗಗೊಟ್ಟವರಲ್ಲ. ನಿವೃತ್ತರಾಗಿ ಹದಿನೆಂಟು ವರ್ಷವಾಗಿದ್ದರೂ ವಾರಕ್ಕೆರಡು ದಿನ ಬರುತ್ತಿದ್ದರು, ಅವರಿಗೆಂದು ಒಂದು ಕುರ್ಚಿಯೂ ಇತ್ತು. ಈಗ ವಿಭಾಗಕ್ಕೆ ಐವತ್ತು ತುಂಬುತ್ತಿತ್ತು. ಅದರ ಚರಿತ್ರೆಯನ್ನು ಒಂದು ಪ್ರದರ್ಶನ ಮಾಡಿ ಗೋಡೆಗೆ ಏರಿಸಬೇಕೆಂದು ತೀರ್ಮಾನವಾಗಿ, ಕೆಲಸ ಮೂರನೇ ವರ್ಷದ ಈ ಹುಡುಗಿಯ ತಲೆಗೆ ಬಂದಿತ್ತು. ಜೊತೆಯವರು ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದರು. ಸುಮ್ಮನೆ ಇಟ್ಟಿರಲಿಲ್ಲ.

"ಯಾರೋ ನರ್ಸ್ ಇರಬೇಕಮ್ಮ. ಆಗ ವಿಭಾಗ ಎಲ್ಲಿತ್ತು? ಕೈ ಖಾಲಿ ಇದ್ದೋರು ರೋಗಿ ಮುಖದ ಮೇಲೆ ಮಾಸ್ಕ್ ಇಟ್ಟು ಈಥರ್ ಹನಿಸೋರು."

"ಯಾರೋ ಅಲ್ಲ ಸಾರ್. ಹನ್ನೊಂದು ವರ್ಷ ಒಬ್ಬರದೇ ಅಕ್ಷರ. ಕೊಟ್ಟವರು ಅನ್ನೋ ಕಾಲಮ್ಮಲ್ಲಿ ಬರೀ ಹ, ಹ, ಹ. ಅದೂ ಅಲ್ದೆ ಇಲ್ನೋಡಿ." ಅವಳು ಓದಿದಳು: "'ಹಜಾರದಲ್ಲಿ ಬಹಳ ಗಲಾಟೆ. ಒಳಕೋಣೆ ಸೇರಲು ಹದಿನೈದು ನಿಮಿಷ.' ಇದು ನಿಮ್ಮ ಪಾಠ ಅಲ್ವಾ ಸಾರ್?"

ಅವರ ಪಾಠವೆಂದೇ ಎಲ್ಲರೂ ತಿಳಿದಿದ್ದರು. ಈಥರಿನ ಆವಿ ಎಳೆದುಕೊಂಡು ಪ್ರಜ್ಞೆ ತಪ್ಪುವ ಮನುಷ್ಯ ನಾಲ್ಕು ಹಂತ ದಾಟುತ್ತಾನೆಂದು ಯಾವ ಪುಸ್ತಕ ತೆಗೆದರೂ ಸಿಗುತ್ತದೆ. ಮೇಷ್ಟ್ರು ಅದನ್ನು ಒಂದು ಮನೆ ಮಾಡಿ ಹೇಳುತ್ತಿದ್ದರು. ಮೊದಲು ಬಾಗಿಲು, ರೋಗಿ ಅಲ್ಲಿ ನಿಂತು ಇನ್ನೂ ಮಾತಾಡುತ್ತಿರುತ್ತಾನೆ. ಆಮೇಲೆ ಹಜಾರ, ಮೈಮೇಲೆ ಎಚ್ಚರವಿಲ್ಲದೆ ಕೂಗಾಡುತ್ತಾನೆ, ಕೈಕಾಲು ಬಡಿಯುತ್ತಾನೆ. ಅದನ್ನು ದಾಟಿಸಿ ಒಳಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಬೇಕು, ಆಗಲೇ ಸರ್ಜನ್ ಚಾಕು ಹಿಡಿಯಬಹುದು. ಒಳಕೋಣೆಯ ಆಚೆ ಹಿತ್ತಿಲು. ಹಿತ್ತಿಲ ಬಾಗಿಲು ದಾಟಿದವನ ಉಸಿರು ನಿಲ್ಲುತ್ತದೆ, ಬಹುಪಾಲು ಅವನು ತಿರುಗಿ ಬರುವುದಿಲ್ಲ. ಈಥರ್ ಹೋಗಿ ದೊಡ್ಡ ದೊಡ್ಡ ಯಂತ್ರಗಳು ಬಂದು ಯಾವ ಕಾಲವಾಯಿತೋ, ಈಗಲೂ ಅಲ್ಲಿನ ಆಪರೇಷನ್ ಥಿಯೇಟರುಗಳಲ್ಲಿ "ಹಜಾರದಲ್ಲಿದ್ದಾನೆ, ಮುಟ್ಟಬೇಡಿ" ಎನ್ನುವ ಮಾತು ಕೇಳಿಸುತ್ತಿತ್ತು. ಮೇಷ್ಟ್ರ ಪುಸ್ತಕದ ಮೂರನೇ ಅಧ್ಯಾಯದ ಹೆಸರೇ 'ನಾಲ್ಕು ಹೆಜ್ಜೆಯ ಮನೆ'.

"ಈ ತಾರೀಕು ನೀವು ಸೇರೋಕೆ ಏಳು ವರ್ಷ ಮುಂಚಿಂದು ಸಾರ್," ಎಂದಳು ಹುಡುಗಿ. ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ.

"ತಾರೀಕು ತಪ್ಪು ಬರೆದಿರಬೇಕು. ಆಗಿನ ರಿಜಿಸ್ಟರ್ ಅಂದ್ರೆ ಅಷ್ಟಕ್ಕಷ್ಟೆ. ನಾವೇ ಅವರಿಗೆ ಒಂದಿಷ್ಟು ಹೇಳಿಕೊಟ್ಟಿದ್ವಿ."

ಏಳು ವರ್ಷದ ತಾರೀಕುಗಳನ್ನು ಯಾರೂ ಒಂದರ ಹಿಂದೆ ಒಂದರಂತೆ ತಪ್ಪು ಬರೆಯುವುದಿಲ್ಲ. ಅದು ಹುಡುಗಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ಅವಳು ಹಾಳೆ ತಿರುವಿದಳು.

"ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಸಾರ್. 'ಹಿತ್ತಿಲ ತನಕ ಹೋಗಿ ವಾಪಸ್. ಬಡಗಿ, ಹರ್ನಿಯಾ.' ಕೆಳಗೆ ಹ. ಪಾಪ, ಅವತ್ತು ಅವರಿಗೆ ಏನಾಗಿತ್ತೋ."

"ಏನೋಮ್ಮ," ಎಂದರು ಮೇಷ್ಟ್ರು, ಗಡಿಯಾರ ನೋಡಿಕೊಂಡು ಎದ್ದರು. ಮೆಟ್ಟಿಲಿಳಿಯುವಾಗ ಕಿವಿ ಬಿಸಿಯಾಗಿತ್ತು. ಎಪ್ಪತ್ತೆಂಟನೇ ವಯಸ್ಸಿನಲ್ಲಿ, ಮೊಮ್ಮಗಳ ವಯಸ್ಸಿನವಳ ಮುಂದೆ ಹಸಿ ಸುಳ್ಳು ಹೇಳಿದ್ದರು.

ಹ ಎಂದರೆ ಹನಿಯಕ್ಕ. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಈಥರ್ ಬಾಟಲಿಯನ್ನು ಎರಡು ಬೆರಳಲ್ಲಿ ಬಗ್ಗಿಸಿ ಹಿಡಿದರೆ ಹನಿಗೂ ಹನಿಗೂ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತಿರಲಿಲ್ಲ, ಅದಕ್ಕೇ ಆ ಹೆಸರು.

ಮೇಷ್ಟ್ರು ಓದಲು ಬಂದಾಗ ಅರಿವಳಿಕೆಯ ಡಿಪ್ಲೊಮಾ ಹೊಸದಾಗಿ ಶುರುವಾಗಿತ್ತು. ಎರಡು ಸೀಟು, ಒಂದು ಕಪಾಟು, ಸರ್ಜರಿಯವರ ಕೋಣೆಯ ಮೂಲೆಯಲ್ಲೊಂದು ಸ್ಟೂಲು. ಪಾಠ ಹೇಳಬೇಕಾದ ಪ್ರೊಫೆಸರರು ಇನ್ನೊಂದು ಊರಿನಿಂದ ಹದಿನೈದು ದಿನಕ್ಕೊಮ್ಮೆ ಬಂದು, ನೋಟ್ಸ್ ಬರೆಸಿ, ಸಂಜೆ ರೈಲು ಹತ್ತುತ್ತಿದ್ದರು. ಉಳಿದ ದಿನಗಳಲ್ಲಿ ಕಲಿಸಿದ್ದು ಹನಿಯಕ್ಕ. ರೋಗಿಯ ಗದ್ದ ಎತ್ತುವುದು, ರೆಪ್ಪೆ ಮುಟ್ಟಿ ನೋಡುವುದು, ಉಸಿರಿನ ಸದ್ದು ಬದಲಾಗುವ ಮೊದಲೇ ಅದು ಬದಲಾಗುತ್ತದೆಂದು ತಿಳಿಯುವುದು. ಸರ್ಜನ್ನರು ಅರಿವಳಿಕೆಯವರನ್ನೆಲ್ಲ "ಬಾಟಲಿಯವರು" ಎನ್ನುತ್ತಿದ್ದರು. ಡಿಗ್ರಿ ಇದ್ದವರೂ ಬಾಟಲಿಯವರೇ, ಇಲ್ಲದ ಹನಿಯಕ್ಕನೂ ಬಾಟಲಿಯವರೇ. ಮೇಷ್ಟ್ರ ಎದೆಯೊಳಗೆ ಚುಚ್ಚುತ್ತಿದ್ದದ್ದು ಅದೇ.

ಬಡಗಿಯ ಆಪರೇಷನ್ ದಿನ ಬಾಟಲಿ ಇದ್ದದ್ದು ಎರಡನೇ ವರ್ಷದ ವಿದ್ಯಾರ್ಥಿಯ ಕೈಯಲ್ಲಿ, ಅಂದರೆ ಇವರ ಕೈಯಲ್ಲಿ. ಹನಿಯಕ್ಕ ಮಾಸ್ಕಿನ ತಂತಿಗೆ ಹೊದಿಸುವ ಗಾಜ್‌ಬಟ್ಟೆ ತರಲು ಹೊರಗೆ ಹೋಗಿದ್ದರು. ಯಾವತ್ತೂ ಮಾತಾಡಿಸದ ದೊಡ್ಡ ಸರ್ಜನ್ ಅಂದು "ಏನಯ್ಯಾ, ಇಲ್ಲಿ ನೋಡಿದ್ಯಾ?" ಎಂದು ಕರೆದರು. ಹುಡುಗನ ಮನಸ್ಸು ಉಬ್ಬಿಹೋಯಿತು. ಕುತ್ತಿಗೆ ಚಾಚಿ ಪರದೆಯ ಆಚೆ ನೋಡುತ್ತಾ, ಸರ್ಜನ್ನರ ಮಾತಿಗೆಲ್ಲ ತಲೆಯಾಡಿಸುತ್ತಾ ನಿಂತ. ಕೈ ಮಾತ್ರ ತನ್ನ ಪಾಡಿಗೆ ಹನಿಸುತ್ತಲೇ ಇತ್ತು.

ಹನಿಯಕ್ಕ ಒಳಗೆ ಬಂದವರು ಗಾಜ್‌ಬಟ್ಟೆಯ ತಟ್ಟೆಯನ್ನು ನೆಲಕ್ಕೆ ಬಿಟ್ಟೇ ಓಡಿದರು. ಮಾಸ್ಕ್ ಕಿತ್ತೆಸೆದು, ಬಡಗಿಯ ಬಾಯಿಗೆ ಬಾಯಿಟ್ಟು ಊದಿದರು. ಮೂರು ನಿಮಿಷವೋ ನಾಲ್ಕೋ, ಇವರಿಗೆ ಲೆಕ್ಕ ತಿಳಿಯಲಿಲ್ಲ. ಬಡಗಿ ಕೊನೆಗೂ ಗೊರಕೆಯಂಥ ಒಂದು ಉಸಿರೆಳೆದ. "ಏನಾಯ್ತು ಅಲ್ಲಿ?" ಎಂದು ಸರ್ಜನ್ ಗದರಿದಾಗ, ಹನಿಯಕ್ಕ ತಲೆಯೆತ್ತದೆ "ನನ್ನ ಕೈ ತಪ್ಪಿತು ಸಾರ್" ಎಂದರು. ರಿಜಿಸ್ಟರಿನಲ್ಲೂ ಹಾಗೆಯೇ ಬರೆದರು. ಪರೀಕ್ಷೆ ಹತ್ತಿರವಿದ್ದ ಹುಡುಗನ ಬಾಳು ಹಾಳಾಗದಿರಲಿ ಎಂದು.

ಇಷ್ಟೇ ಆಗಿದ್ದರೆ ಮೇಷ್ಟ್ರು ಅದನ್ನು ಯೌವನದ ಒಂದು ತಪ್ಪೆಂದು ಎಲ್ಲಾದರೂ ಮಡಚಿಟ್ಟು ಬದುಕಬಹುದಿತ್ತು. ಎರಡು ವರ್ಷದ ಮೇಲೆ, ಡಿಪ್ಲೊಮಾ ಮುಗಿಸಿದ ಮೂವರು ತರುಣರು ಸೇರಿ ಆಸ್ಪತ್ರೆಯ ಮೇಲಧಿಕಾರಿಗೆ ಒಂದು ಕಾಗದ ಬರೆದರು. ಅರಿವಳಿಕೆ ಒಂದು ಸ್ವತಂತ್ರ ವೈದ್ಯಶಾಸ್ತ್ರ, ಅದಕ್ಕೊಂದು ವಿಭಾಗ ಬೇಕು, ತರಬೇತಿ ಪಡೆದ ವೈದ್ಯರಲ್ಲದೆ ಬೇರೆ ಯಾರೂ ಮಾಸ್ಕ್ ಮುಟ್ಟಬಾರದು. ಅದರಲ್ಲಿ ಸುಳ್ಳೇನಿರಲಿಲ್ಲ, ಕಂಡಕಂಡವರ ಕೈಗೆ ಬಾಟಲಿ ಕೊಟ್ಟಿದ್ದರಿಂದ ಸತ್ತ ರೋಗಿಗಳೆಷ್ಟೋ. ಆದರೆ ಮೇಲಧಿಕಾರಿ "ಉದಾಹರಣೆ ಕೊಡಿ" ಎಂದ. ಅಕ್ಷರ ದುಂಡಗಿದೆಯೆಂದು ಮತ್ತೊಂದು ಕಾಗದ ಬರೆಯಲು ಕುಳಿತವರು ಇವರೇ. ಒಂದು ಗಳಿಗೆ ಪೆನ್ನು ತಡೆದು, ಬಡಗಿಯ ಆಪರೇಷನ್ನಿನ ತಾರೀಕು ಬರೆದರು. ರಿಜಿಸ್ಟರಿನ ಪುಟದ ಸಂಖ್ಯೆಯನ್ನೂ ಬರೆದರು.

ವಿಭಾಗ ಬಂತು. ಬಾಗಿಲಿಗೆ ಬೋರ್ಡ್ ಬಂತು. ಎರಡು ಸೀಟು ಹನ್ನೆರಡಾಯಿತು. ಹನಿಯಕ್ಕನನ್ನು ಬಟ್ಟೆ ಸ್ಟೋರಿಗೆ ಹಾಕಿದರು. ಮೇಷ್ಟ್ರು ಮೊದಮೊದಲು ಆ ಕಾರಿಡಾರಿನಲ್ಲಿ ಹೋಗುವುದನ್ನು ತಪ್ಪಿಸಿದರು. ಆಮೇಲೆ ಅದು ರೂಢಿಯಾಗಿಹೋಯಿತು.

"ಯಾಕ್ರೀ, ಅನ್ನ ಕಲಸ್ತಾನೇ ಕೂತಿದ್ದೀರಾ?" ಎಂದರು ಹೆಂಡತಿ, ಎರಡು ದಿನದ ಮೇಲೆ ಮಧ್ಯಾಹ್ನ ಊಟಕ್ಕೆ ಕುಳಿತಾಗ. "ಸಮಾರಂಭದಲ್ಲಿ ಶಾಲು ಹೊದಿಸ್ತಾರೆ ಅಂತ ಈಗ್ಲೇ ಹೊಟ್ಟೆ ತುಂಬ್ತಾ?"

"ಹನಿಯಕ್ಕ ಇದ್ದಾರಾ ಈಗ? ಗೊತ್ತಾ ನಿನಗೆ?"

ಹೆಂಡತಿ ಗಂಡನ ಮುಖವನ್ನೇ ನೋಡಿದರು. ಆಸ್ಪತ್ರೆಯವರ ಬಾಯಲ್ಲಿ ಕೇಳಿದ್ದ ಆ ಹೆಸರು ಗಂಡನ ಬಾಯಿಂದ ಬಂದದ್ದು, ಮದುವೆಯಾದ ಮೇಲೆ ಇದೇ ಮೊದಲು. "ಇದ್ದಾರಂತೆ. ಟೈಲರ್ ಅಂಗಡಿ ಮೇಲ್ಗಡೆ, ತಂಗಿ ಮಗಳ ಜೊತೆ. ಈಗ ಯಾಕೆ?"

ಕ್ಷಮೆ ಕೇಳಲು ಹೋಗುತ್ತಿದ್ದೇನೆ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಆಟೋದಲ್ಲಿ ಕುಳಿತ ಮೇಲೆ, ಹುಡುಗಿ ಅಲ್ಲಿಗೆ ತಲುಪುವ ಮೊದಲು ತಾನು ತಲುಪಬೇಕು ಎಂಬ ಇನ್ನೊಂದು ಮಾತೂ ಮನಸ್ಸಿನಲ್ಲಿ ಇತ್ತೆಂದು ತಿಳಿಯಿತು. ತಮ್ಮ ಮೇಲೆಯೇ ಹೇಸಿಗೆಯಾಯಿತು. ಆದರೂ ಆಟೋದವನಿಗೆ "ಸ್ವಲ್ಪ ಬೇಗ ಹೋಗಪ್ಪ" ಎಂದರು.

ಅಂಗಡಿಯಲ್ಲಿ ತಂಗಿಯ ಮಗಳು ಹೊಲಿಗೆ ಯಂತ್ರ ನಿಲ್ಲಿಸಿ, ಕೊರಳಿನ ಅಳತೆ ಟೇಪನ್ನು ತೆಗೆಯದೆಯೇ ಮೇಲೆ ಕರೆದುಕೊಂಡು ಹೋದಳು. ಚಿಕ್ಕ ಕೋಣೆ. ಕಿಟಕಿಯ ಪಕ್ಕದ ಮಂಚದ ಮೇಲೆ ಹನಿಯಕ್ಕ ಕುಳಿತು ಬಟನ್ನುಗಳನ್ನು ಬಣ್ಣಬಣ್ಣಕ್ಕೆ ಬೇರ್ಪಡಿಸುತ್ತಿದ್ದರು. ಎಂಬತ್ತೈದಾಗಿತ್ತು. ಮೈ ಇಷ್ಟೇ ಇಷ್ಟಾಗಿತ್ತು. ಕಣ್ಣು ಮಾತ್ರ ಹಾಗೆಯೇ.

"ದೊಡ್ಡಮ್ಮ, ಯಾರು ಬಂದಿದ್ದಾರೆ ನೋಡು."

"ಕಾಣ್ತಿದೆ ಬಿಡೆ. ಬನ್ನಿ ಡಾಕ್ಟ್ರೇ. ದಪ್ಪ ಆಗಿದ್ದೀರಿ. ಕೂತ್ಕೊಳ್ಳಿ, ಆ ಕುರ್ಚಿ ಬೇಡ, ಅದರ ಕಾಲು ಸರಿಯಿಲ್ಲ."

ಮೇಷ್ಟ್ರು ಸರಿಯಿಲ್ಲದ ಕುರ್ಚಿಯ ಮೇಲೆಯೇ ಕುಳಿತರು. ವಿಭಾಗಕ್ಕೆ ಐವತ್ತು ವರ್ಷ ತುಂಬುತ್ತಿದೆ, ಪ್ರದರ್ಶನ ಮಾಡುತ್ತಿದ್ದಾರೆ, ಯಾರಾದರೂ ಬಂದು ಹಳೆಯದನ್ನೆಲ್ಲ ಕೇಳಬಹುದು ಎಂದು ಸುತ್ತಿ ಬಳಸಿ ಶುರು ಮಾಡಿದರು.

"ನಿಮ್ಮ ಹುಡುಗಿ ನಿನ್ನೆನೇ ಬಂದಿದ್ಲಲ್ಲ," ಎಂದರು ಹನಿಯಕ್ಕ. "ಒಳ್ಳೆ ಹುಡುಗಿ. ಬಾಯಿಗೆ ಬಿಡುವಿಲ್ಲ. ಬಾಗಿಲು, ಹಜಾರ ಎಲ್ಲ ಯಾರು ಹೇಳಿದ್ದು ಅಂತ ಕೇಳಿದ್ಲು. ಡಾಕ್ಟ್ರೇ ನನಗೆ ಕಲಿಸಿದ್ದು ಅಂದೆ."

ಕೆಳಗೆ ಹೊಲಿಗೆ ಯಂತ್ರದ ಮುಂದೆ ಯಾರೋ ತೋಳು ಬಿಗಿಯಾಯಿತೆಂದು ಜಗಳ ತೆಗೆದಿದ್ದರು. ತಂಗಿಯ ಮಗಳು ಇಳಿದು ಹೋದಳು.

"ಹಾಗೆ ಯಾಕೆ ಹೇಳಿದ್ರಿ ಅಕ್ಕ?"

"ಮತ್ತೇನು ಹೇಳಲಿ? ಮಕ್ಕಳು ನಿಮ್ಮನ್ನ ತಲೆ ಮೇಲೆ ಇಟ್ಕೊಂಡಿದ್ದಾರೆ. ಈ ವಯಸ್ಸಲ್ಲಿ ನಿಮ್ಮನ್ನ ಇಳಿಸಿ ನನಗೇನಾಗಬೇಕು?" ಅವರು ಒಂದು ಬಿಳಿ ಬಟನ್ನನ್ನು ಬೆಳಕಿಗೆ ಹಿಡಿದು ನೋಡಿದರು. "ಬಡಗಿ ವಿಷಯನೂ ಕೇಳಿದ್ಲು. ಹೌದಮ್ಮ, ನನ್ನ ಕೈ ತಪ್ಪಿತ್ತು ಅಂದೆ. ಸರಿಯಾಯ್ತಲ್ಲ?"

ಅಲ್ಲ ಅನ್ನಬೇಕಾಗಿತ್ತು. ಆ ಒಂದು ಮಾತಿಗಾಗಿಯೇ ಇಲ್ಲಿಯವರೆಗೆ ಬಂದದ್ದು ಎಂದು ಅವರು ದಾರಿಯುದ್ದಕ್ಕೂ ನಂಬಿಸಿಕೊಂಡಿದ್ದರು. ಆದರೆ ಎದೆಯ ಮೇಲಿನ ಭಾರ ಇಳಿದಂತಾದ ಆ ಗಳಿಗೆಯಲ್ಲಿ ಬಾಯಿ ತಾನಾಗಿ ಹೇಳಿತು: "ಸರಿಯಾಯ್ತು."

ಹನಿಯಕ್ಕ ತಲೆಯಾಡಿಸಿದರು. ಬಿಳಿ ಬಟನ್ನನ್ನು ಬಿಳಿಯದರ ಗುಡ್ಡೆಗೆ ಹಾಕಿ, ಯಾವುದೋ ಹಳೆಯ ಬಟ್ಟೆಯ ಗುಣ ಹೇಳುವವರಂತೆ, "ಆ ಕಾಗದ ಆಸ್ಪತ್ರೆ ಸಾಹೇಬರು ನನಗೂ ತೋರಿಸಿದ್ರು," ಎಂದರು. "ಅಕ್ಷರ ನೋಡಿದ ಕೂಡ್ಲೇ ಗೊತ್ತಾಯ್ತು. ತುಂಬಾ ಚೆನ್ನಾಗಿ ಬರೆದಿದ್ರಿ. ಒಂದು ಕಡೆನೂ ಕಾಟು ಹೊಡೆದಿರಲಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮೇಷ್ಟ್ರು ನೆಲ ನೋಡಿದರು. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಅದು ಸುಮ್ಮನೆ ಹೇಳುವ ಮಾತಲ್ಲವೆಂದು ಆವತ್ತು ಅವರಿಗೆ ಗೊತ್ತಾಯಿತು. ಕ್ಷಮೆ ಎಂಬ ಪದ ನಾಲಿಗೆಯ ತುದಿಗೆ ಬಂದು, ಈಗ ತಾನೇ "ಸರಿಯಾಯ್ತು" ಎಂದ ಬಾಯಿಂದ ಹೊರಡಲು ಅದಕ್ಕೇ ನಾಚಿಕೆಯಾಯಿತೋ ಏನೋ, ಅಲ್ಲಿಯೇ ಉಳಿಯಿತು. ಹೋಗಿಬರುತ್ತೇನೆ ಎಂದು ಎದ್ದರು. "ಮೆಟ್ಟಿಲು ಕಡಿದಾಗಿದೆ, ನಿಧಾನ," ಎಂದರು ಹನಿಯಕ್ಕ ಹಿಂದಿನಿಂದ.

ಪ್ರದರ್ಶನದ ದಿನ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಗೋಡೆಯ ಮೇಲೆ ಐವತ್ತು ವರ್ಷಗಳು ಸಾಲಾಗಿ ನಿಂತಿದ್ದವು: ಸ್ಟೂಲಿನ ಫೋಟೋ, ಮೊದಲ ಯಂತ್ರ, ಮೊದಲ ತಂಡ, ಬೋರ್ಡ್ ಹಾಕಿದ ದಿನ. ನಡುವೆ ದೊಡ್ಡದಾಗಿ 'ನಾಲ್ಕು ಹೆಜ್ಜೆಯ ಮನೆ', ಅದರ ಪಕ್ಕ ಮೇಷ್ಟ್ರ ನಗುಮುಖ. ಅದರ ಕೆಳಗೆ ಬರಹ ಇರಬೇಕಾದ ಚೌಕ ಖಾಲಿಯಿತ್ತು.

"ಇಲ್ಲಿ ಏನೂ ಬರೆದಿಲ್ವಲ್ಲಮ್ಮ?" ಎಂದರು ಮೇಷ್ಟ್ರು.

"ಏನು ಬರೀಬೇಕು ಅಂತ ಗೊತ್ತಾಗಲಿಲ್ಲ ಸಾರ್," ಎಂದಳು ಪ್ರಶ್ನೆಪತ್ರಿಕೆ, ಅವರ ಮುಖ ನೋಡದೆ. ಅಂದು ಅವಳು ಬೇರೆ ಏನನ್ನೂ ಕೇಳಲಿಲ್ಲ.

ಅವಳೇ ಹನಿಯಕ್ಕನನ್ನೂ ಕರೆಸಿದ್ದಳು. 'ಹಳೆಯ ಸಿಬ್ಬಂದಿ' ಎಂಬ ಚೀಟಿ ಅಂಟಿಸಿದ್ದ ಕೊನೆಯ ಸಾಲಿನಲ್ಲಿ ತಂಗಿಯ ಮಗಳ ಪಕ್ಕ ಅವರು ಕುಳಿತಿದ್ದರು. ಭಾಷಣಗಳಾದವು, ಮೇಷ್ಟ್ರ ಹೆಗಲಿಗೆ ಶಾಲು ಬಂತು. ಈಗಿನ ಮುಖ್ಯಸ್ಥ ಮೇಷ್ಟ್ರ ಹಳೆಯ ಶಿಷ್ಯ, ತಮಾಷೆಯ ಮನುಷ್ಯ. ವೇದಿಕೆಯ ಮೇಲೆ ಮೇಜು ತರಿಸಿ, ಅಭ್ಯಾಸಕ್ಕೆಂದು ಇಟ್ಟುಕೊಂಡಿದ್ದ ರಬ್ಬರ್ ಗೊಂಬೆಯನ್ನು ಅದರ ಮೇಲೆ ಮಲಗಿಸಿ, ಹಳೆಯ ತಂತಿಯ ಮಾಸ್ಕನ್ನು ಎಲ್ಲರಿಗೂ ಎತ್ತಿ ತೋರಿಸಿದ.

"ಇದನ್ನ ಹಿಡಿದು ಕೆಲಸ ಮಾಡಿದೋರು ಈ ಹಾಲಲ್ಲಿ ಇಬ್ಬರೇ ಇದ್ದಾರೆ. ಅಮ್ಮ, ನೀವೂ ಬನ್ನಿ ಮೇಲೆ. ಸಾರ್, ನೀವು ಕಲಿಸಿದ್ದು ಇವರಿಗೆ ನೆನಪಿದೆಯಾ ಅಂತ ಪರೀಕ್ಷೆ ಮಾಡಿಬಿಡಿ!"

ಜನ ಚಪ್ಪಾಳೆ ತಟ್ಟಿದರು. ಹನಿಯಕ್ಕ ಹುಡುಗಿಯ ತೋಳು ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಗೊಂಬೆಯ ತಲೆಯ ಹಿಂದೆ ನಿಂತರು. ಅಷ್ಟು ಹೊತ್ತು ನಡುಗುತ್ತಿದ್ದ ಕೈ ರಬ್ಬರ್ ಗದ್ದದ ಕೆಳಗೆ ಹೋದದ್ದೇ ನಿಂತಿತು. ಮೂರು ಬೆರಳು ದವಡೆಯ ಮೂಳೆಯ ಮೇಲೆ, ಕಿರುಬೆರಳು ಅದರ ಮೂಲೆಯ ಹಿಂದೆ. ಗೊಂಬೆಯ ಬಾಯಿ ತೆರೆದು, ಗದ್ದ ಮುಂದೆ ಬಂತು. ಇನ್ನೊಂದು ಕೈ ಮಾಸ್ಕನ್ನು ಗೊಂಬೆಯ ಮುಖದ ಮೇಲಿಟ್ಟಿತು.

"ಸಾರ್, ನೀವೂ ಕೈ ಸೇರಿಸಿ, ಫೋಟೋಕ್ಕೆ," ಎಂದ ಮುಖ್ಯಸ್ಥ.

ಮೇಷ್ಟ್ರು ಮುಂದೆ ಬಂದು, ಬಗ್ಗಿ, ಮಾಸ್ಕಿನ ಅಂಚಿಗೆ ಕೈಯಿಟ್ಟರು. ಕ್ಯಾಮೆರಾದತ್ತ ತಿರುಗಿ ನಗಲು ಹೊರಟರು.

ಪಟ್ ಎಂದು ಅವರ ಹೆಬ್ಬೆರಳಿನ ಮೇಲೆ ಏಟು ಬಿತ್ತು.

"ಕಣ್ಣು! ಕಣ್ಣಿನ ಮೇಲೆ ಬೆರಳಿಡ್ತಿದ್ದೀಯಲ್ಲೋ, ಎಷ್ಟು ಸಲ ಹೇಳಬೇಕು ನಿನಗೆ!"

ಮೈಕು ಹತ್ತಿರವೇ ಇತ್ತು. ಸಭಾಂಗಣದ ಮೂಲೆಮೂಲೆಗೂ ಕೇಳಿಸಿತು. ಆಮೇಲೆ ಮುಖ್ಯಸ್ಥ ಗೊಳ್ಳೆಂದು ನಕ್ಕ, ಇಡೀ ಸಭೆ ನಕ್ಕಿತು. ಅಜ್ಜಿಗೆ ಅರಳುಮರಳು, ಪಾಪ, ಪ್ರೊಫೆಸರಿಗೇ ಬೈದುಬಿಟ್ಟರು! ಮೇಷ್ಟ್ರೂ ನಕ್ಕರು. ನಗುವುದು ಎಷ್ಟು ಸುಲಭವಾಗಿತ್ತು! ಇನ್ನೆರಡು ಗಳಿಗೆ ಹಾಗೆಯೇ ನಕ್ಕು ನಿಂತಿದ್ದರೆ ಫೋಟೋ ಮುಗಿದು, ಕಾಫಿ ಬಂದು, ಎಲ್ಲವೂ ಮುಚ್ಚಿಹೋಗುತ್ತಿತ್ತು. ಆದರೆ ಹುಡುಗಿ ನಗಲಿಲ್ಲ. ಆ ಬೆರಳನ್ನೂ, ಹೊಡೆದ ಕೈಯನ್ನೂ ನೋಡುತ್ತಿದ್ದಳು. ಹೊಡೆದವರು ಯಾರು, ಹೊಡೆಸಿಕೊಂಡು ಕಲಿತವರು ಯಾರು ಎಂದು ಅವಳಿಗೆ ಯಾವ ರಿಜಿಸ್ಟರೂ ಹೇಳಬೇಕಾಗಿರಲಿಲ್ಲ. ಮೇಷ್ಟ್ರ ಬಾಯಲ್ಲಿ ನಗು ಒಣಗಿತು.

ಅವರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಅದು ಕೀಚೆಂದಿತು.

"ಇವರಿಗೆ ನಾನು ಏನನ್ನೂ ಕಲಿಸಿಲ್ಲ," ಎಂದರು. ದನಿ ಅವರದೇ ಅನಿಸಲಿಲ್ಲ. "ಬಾಗಿಲು, ಹಜಾರ, ಎಲ್ಲಾ ಇವರದು. ನನ್ನ ಪುಸ್ತಕದಲ್ಲಿ ಇರೋದು ಕದ್ದದ್ದು. ಆ ಬಡಗಿ... ಅವತ್ತು ಬಾಟಲಿ ನನ್ನ ಕೈಯಲ್ಲಿತ್ತು. ಇವರು ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಅದನ್ನೇ ಕಾಗದದಲ್ಲಿ ಬರೆದು ಇವರನ್ನ..."

ಅವರ ಕಣ್ಣು ತುಂಬಿತ್ತು. ಐವತ್ತು ವರ್ಷ ಬಿಗಿದಿದ್ದದ್ದು ಸಡಿಲವಾಗುತ್ತಿದೆ, ಇನ್ನೊಂದೆರಡು ಮಾತಿಗೆ ಹಗುರಾಗಿಬಿಡುತ್ತೇನೆ ಎನಿಸಿತು. ಅವರು ಹನಿಯಕ್ಕನ ಕಡೆ ತಿರುಗಿದರು.

ಹನಿಯಕ್ಕ ಅವರನ್ನು ನೋಡುತ್ತಲೇ ಇರಲಿಲ್ಲ. ಗದ್ದ ಎತ್ತಿ ಹಿಡಿದ ಕೈ ಎತ್ತಿದಂತೆಯೇ ಇತ್ತು, ಕಿವಿ ಗೊಂಬೆಯ ಬಾಯಿಯ ಹತ್ತಿರ ಬಾಗಿತ್ತು. ಮಾಸ್ಕು ಕೈಯಲ್ಲಿದ್ದಾಗ ಅವರಿಗೆ ಯಾರೂ ಡಾಕ್ಟರಾಗಿ ಕಂಡವರಲ್ಲ.

"ಮಾತು ಆಮೇಲೆ," ಎಂದರು. "ಮೊದಲು ರೋಗಿ ಕಡೆ ನೋಡು."

ಮೇಷ್ಟ್ರು ಮೈಕು ಬಿಟ್ಟರು. ಹೆಗಲಿನ ಶಾಲು ಜಾರಿ ಮೇಜಿನ ಕಾಲಿನ ಹತ್ತಿರ ಬಿತ್ತು. ಅವರು ಅದನ್ನು ಎತ್ತಿಕೊಳ್ಳದೆ, ಹೆಬ್ಬೆರಳನ್ನು ಮಾಸ್ಕಿನ ಅಂಚಿಗೆ ಸರಿಸಿ, ಬಗ್ಗಿ, ರಬ್ಬರಿನ ಎದೆಯನ್ನೇ ನೋಡುತ್ತಾ ನಿಂತರು.